ದಿನಗಳ ಲೆಕ್ಕ ಇಡಿ, ತಪ್ಪುಗಳ ಲೆಕ್ಕ ಬೇಡ
(ಯುವಜನರ ಕುಟುಂಬ ಅಧ್ಯಯನ)

ವಾಕ್ಯಭಾಗ: 1 ಕೊರಿಂಥ 13:5, 2 ಕೊರಿಂಥ 8:20-21, 1 ಅರಸುಗಳು 3:16-28

 

ಕುಟುಂಬದ ಬಗ್ಗೆ ನಾವು ಸಭೆಯಲ್ಲಿ ತುಂಬಾ ಕೇಳಿದ್ದೇವೆ. ಮದುವೆಗೆ ಮುಂಚೆ ಹೇಗಿರಬೇಕು, ಮದುವೆಯಲ್ಲಿ ಹೇಗಿರಬೇಕು, ಮಕ್ಕಳನ್ನು ಹೇಗೆ ಬೆಳೆಸಬೇಕು. ಆದರೆ ಗಂಡ ಹೆಂಡತಿ ಬೇರೆಯಾದ ಮೇಲೆ ಮಗುವನ್ನು ಹೇಗೆ ಬೆಳೆಸಬೇಕು ಅಂತ ಎಷ್ಟು ಸಲ ಕೇಳಿದ್ದೀರಿ? ಯಾರೂ ಮಾತಾಡಲ್ಲ. ಪಕ್ಕದಲ್ಲಿ ಕೂತಿರುವ ಸಹೋದರಿ ಎರಡನೇ ಶನಿವಾರ, ನಾಲ್ಕನೇ ಶನಿವಾರ ಅಂತ ಕ್ಯಾಲೆಂಡರ್ ನೋಡ್ತಾ ಬದುಕ್ತಿರಬಹುದು, ನಮಗೆ ಗೊತ್ತೇ ಇರಲ್ಲ.

"ಪಾಸ್ಟರ್, ಇದನ್ನೆಲ್ಲ ಸಭೆಯಲ್ಲಿ ಕಲಿಸಿದರೆ ಬೇರೆಯಾಗೋದಕ್ಕೆ ನಾವೇ ಒಪ್ಪಿಗೆ ಕೊಟ್ಟ ಹಾಗಾಗಲ್ವಾ?" ಅಂತ ಕೆಲವರು ಕೇಳಬಹುದು. ಇಲ್ಲ. ಮದುವೆಗಳು ಉಳಿಯಬೇಕು ಅಂತಲೇ ನಮ್ಮ ಪ್ರಾರ್ಥನೆ. ಆದರೆ ಅಪ್ಪ ಒಂದು ಮನೆ, ಅಮ್ಮ ಒಂದು ಮನೆ ಅನ್ನೋದು ಈಗಾಗಲೇ ನಡೆದುಹೋಗಿದ್ದರೆ, ಆ ಮಗು ಬರುವ ಬುಧವಾರ ರಾತ್ರಿ ಎಲ್ಲಿ ಊಟ ಮಾಡುತ್ತೆ, ಎಲ್ಲಿ ಮಲಗುತ್ತೆ ಅನ್ನೋ ಪ್ರಶ್ನೆಗೆ ಉತ್ತರ ಬೇಕಲ್ವಾ? ದೊಡ್ಡವರ ವಿಷಯ ಇತ್ಯರ್ಥ ಆಗೋವರೆಗೆ ಮಗುವಿನ ಬುಧವಾರ ಕಾಯುವುದಿಲ್ಲ.

1. ಲೆಕ್ಕ ಇಡೋದು ಪ್ರೀತಿಗೆ ವಿರುದ್ಧವೇ?

1 ಕೊರಿಂಥ 13ನೇ ಅಧ್ಯಾಯ ನಮಗೆ ಬಾಯಿಪಾಠ. ಅದರ 5ನೇ ವಚನದಲ್ಲಿ ಪೌಲನು ಪ್ರೀತಿಯು ಅಪಕಾರವನ್ನು ಹೇಗೆ ನೋಡುತ್ತದೆ ಅಂತ ಹೇಳುತ್ತಾನೆ. ಅಲ್ಲಿ ಮೂಲ ಗ್ರೀಕ್‌ನಲ್ಲಿ ಬಳಸಿರುವ ಪದ 'ಲೊಗಿಝೊಮಾಯ್'. ಅದು ಲೆಕ್ಕದ ಪದ. ಅಂಗಡಿಯವನು ಯಾರು ಎಷ್ಟು ಬಾಕಿ ಅಂತ ಪುಸ್ತಕದಲ್ಲಿ ಬರೆದಿಡ್ತಾನಲ್ಲ, ಆ ತರಹದ ಲೆಕ್ಕ. ನನಗೆ ಆದ ಕೆಡುಕನ್ನು ಪ್ರೀತಿ ಹಾಗೆ ಬಾಕಿಪಟ್ಟಿಯಲ್ಲಿ ಬರೆದಿಡುವುದಿಲ್ಲ.

ಹಾಗಾದರೆ ವಿಶ್ವಾಸಿಯಾದ ತಾಯಿ ಅಥವಾ ತಂದೆ ಡೈರಿ ಇಟ್ಟುಕೊಂಡು, "ಇಂಥ ದಿನ ಮಗು ನನ್ನ ಹತ್ತಿರ ಇತ್ತು, ಇಂಥ ದಿನ ಅವರ ಹತ್ತಿರ ಇತ್ತು" ಅಂತ ಬರೆದರೆ ತಪ್ಪಾ?

ತಪ್ಪಲ್ಲ. ಅದೇ ಪೌಲನು 2 ಕೊರಿಂಥ 8ರಲ್ಲಿ ಏನು ಮಾಡ್ತಾನೆ ನೋಡಿ. ಸಭೆಗಳ ಕಾಣಿಕೆಯ ಹಣವನ್ನು ಒಬ್ಬನೇ ತೆಗೆದುಕೊಂಡು ಹೋಗಲ್ಲ. ತೀತನ ಜೊತೆ ಬೇರೆ ಸಹೋದರರನ್ನೂ ಕಳಿಸ್ತಾನೆ. ಯಾಕಂದ್ರೆ ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಕೆಲಸ ಸರಿಯಾಗಿ ಕಾಣಬೇಕು ಅಂತ. ಪೌಲನಿಗೆ ನಂಬಿಕೆ ಕಡಿಮೆ ಇತ್ತಾ? ಇಲ್ಲ. ಕೈಯಲ್ಲಿದ್ದದ್ದು ಅವನ ಸ್ವಂತದ್ದಲ್ಲ, ಅದಕ್ಕೇ ಅಷ್ಟು ಎಚ್ಚರಿಕೆ.

ಮಗುವೂ ಹಾಗೇ. ಅದು ನಮ್ಮ ಕೈಗೆ ಒಪ್ಪಿಸಲ್ಪಟ್ಟದ್ದು. ಆದ್ದರಿಂದ ಒಂದೇ ಪುಸ್ತಕದಲ್ಲಿ ಎರಡು ತರಹದ ಲೆಕ್ಕ ಬರೆಯಬಹುದು ಅಂತ ನೆನಪಿಡಿ. ಮಗು ಎಲ್ಲಿತ್ತು ಅನ್ನೋದು ಒಂದು. ಅವನು ಎಂಥವನು, ಅವಳು ಎಂಥವಳು ಅನ್ನೋದು ಇನ್ನೊಂದು. ಮೊದಲನೆಯದು ಜವಾಬ್ದಾರಿ. ಎರಡನೆಯದು ಪೌಲನು ಬೇಡ ಅಂದ ಬಾಕಿಪಟ್ಟಿ.

2. ಕೋರ್ಟ್ ಏನು ನೋಡುತ್ತೆ?

ಇಲ್ಲಿ ಸ್ವಲ್ಪ ಕಾನೂನು ತಿಳಿದುಕೊಳ್ಳೋಣ. ಕ್ರೈಸ್ತರ ವಿಚ್ಛೇದನಕ್ಕೆ 1869ರ ವಿಚ್ಛೇದನ ಕಾಯ್ದೆ ಇದೆ. ಅದರ 41ರಿಂದ 44ನೇ ಸೆಕ್ಷನ್‌ಗಳು ಮಕ್ಕಳ ಕಸ್ಟಡಿ, ಪೋಷಣೆ, ವಿದ್ಯಾಭ್ಯಾಸದ ಬಗ್ಗೆ ಆದೇಶ ಮಾಡುವ ಅಧಿಕಾರವನ್ನು ಕೋರ್ಟಿಗೆ ಕೊಡುತ್ತವೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಅದರ 17ನೇ ಸೆಕ್ಷನ್ ಪ್ರಕಾರ ಕೋರ್ಟ್ ಮಗುವಿನ ಕ್ಷೇಮವನ್ನು ನೋಡಬೇಕು. ಮಗು ತಿಳುವಳಿಕೆಯಿಂದ ಹೇಳುವಷ್ಟು ದೊಡ್ಡದಾಗಿದ್ದರೆ ಅದರ ಇಷ್ಟವನ್ನೂ ಪರಿಗಣಿಸಬಹುದು.

2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಜಂಟಿ ಕಸ್ಟಡಿ ಕೊಟ್ಟಿತು. ಪ್ರತಿ ವರ್ಷ ಜನವರಿ 1ರಿಂದ ಜೂನ್ 30ರವರೆಗೆ ಮಗು ತಂದೆಯ ಹತ್ತಿರ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಹತ್ತಿರ. ಒಬ್ಬರ ಹತ್ತಿರ ಇರುವಾಗ ಶನಿವಾರ ಭಾನುವಾರ ಇನ್ನೊಬ್ಬರು ನೋಡಬಹುದು. ಖರ್ಚು ಇಬ್ಬರೂ ಸಮವಾಗಿ ಹಂಚಿಕೊಳ್ಳಬೇಕು. 2015ರ ಮೇ ತಿಂಗಳಲ್ಲಿ ಭಾರತದ ಕಾನೂನು ಆಯೋಗವೂ ತನ್ನ 257ನೇ ವರದಿಯಲ್ಲಿ ಜಂಟಿ ಕಸ್ಟಡಿಗೆ ಅವಕಾಶ ಇರಬೇಕು ಅಂತ ಶಿಫಾರಸು ಮಾಡಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಹೇಳಿದ್ದು ಇದು: ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯ ಮೇಲೂ ಹಕ್ಕಿದೆ, ಕಸ್ಟಡಿ ಸಿಗದವರಿಗೆ, ವಿಶೇಷ ಕಾರಣ ಇಲ್ಲದಿದ್ದರೆ, ದಿನಕ್ಕೆ ಐದರಿಂದ ಹತ್ತು ನಿಮಿಷವಾದರೂ ಮಗುವಿನ ಜೊತೆ ಮಾತಾಡುವ ಅವಕಾಶ ಇರಬೇಕು, ಅದಕ್ಕೆ ವಿಡಿಯೋ ಕಾಲ್ ಒಳ್ಳೆಯ ದಾರಿ.

ಈಗ ಆ 2013ರ ಆದೇಶದ ದಿನಗಳನ್ನು ಎಣಿಸಿ ನೋಡಿ. ಜನವರಿಯಿಂದ ಜೂನ್‌ವರೆಗೆ 181 ದಿನ. ಜುಲೈಯಿಂದ ಡಿಸೆಂಬರ್‌ವರೆಗೆ 184 ದಿನ. ಅರ್ಧ ಅರ್ಧ ಅಂದರೂ ಮೂರು ದಿನ ವ್ಯತ್ಯಾಸ! ಅಧಿಕ ವರ್ಷದಲ್ಲಿ ಎರಡು ದಿನ. ಕ್ಯಾಲೆಂಡರ್ ಯಾವತ್ತೂ ಸರಿಸಮ ಆಗಲ್ಲ ದೇವಜನರೇ. ಆ ಮೂರು ದಿನಕ್ಕೆ ಜಗಳ ಮಾಡುವವರು ಉಳಿದ 362 ದಿನವನ್ನೂ ಹಾಳು ಮಾಡಿಕೊಳ್ತಾರೆ.

3. ಲೆಕ್ಕ ಇಡೋದು ಹೇಗೆ?

ಈಗ ಪ್ರಾಕ್ಟಿಕಲ್ ಆಗಿ ನೋಡೋಣ. ನೋಟ್‌ಬುಕ್ ತೆಗೆದುಕೊಳ್ಳಿ.

ಮೊದಲನೆಯದಾಗಿ, ರಾತ್ರಿಗಳನ್ನು ಎಣಿಸಿ. ದಿನ ಅಂತ ಎಣಿಸಿದರೆ ಗೊಂದಲ. ಶುಕ್ರವಾರ ಸಂಜೆ 6ಕ್ಕೆ ಅಪ್ಪ ಕರೆದುಕೊಂಡು ಹೋಗಿ ಭಾನುವಾರ ಸಂಜೆ 6ಕ್ಕೆ ವಾಪಸ್ ಬಿಟ್ಟರೆ, ಅಪ್ಪ "ಮೂರು ದಿನ ಇತ್ತು" ಅನ್ನಬಹುದು, ಅಮ್ಮ "ಒಂದೂವರೆ ದಿನ" ಅನ್ನಬಹುದು. ಆದರೆ ಮಗು ಅಲ್ಲಿ ಮಲಗಿದ್ದು ಎರಡು ರಾತ್ರಿ. ಇದರಲ್ಲಿ ವಾದ ಇಲ್ಲ. ರಾತ್ರಿ ಇಲ್ಲದ ಭೇಟಿ ಇದ್ದರೆ, ಅಂದರೆ ಬುಧವಾರ ಸಂಜೆ 5ರಿಂದ 8ರವರೆಗೆ ಅಂತಿದ್ದರೆ, ಅದನ್ನು ಗಂಟೆಯಲ್ಲಿ ಬೇರೆ ಕಾಲಂನಲ್ಲಿ ಬರೆಯಿರಿ.

ಎರಡನೆಯದಾಗಿ, ವರ್ಷದ ಲೆಕ್ಕವನ್ನು ಮುಂಚೆಯೇ ಹಾಕಿ. ಒಂದು ಉದಾಹರಣೆ ತೆಗೆದುಕೊಳ್ಳಿ. ಮಗುವಿಗೆ ಎಂಟು ವರ್ಷ. ತಾಯಿ ಹೊರಮಾವಿನಲ್ಲಿ, ತಂದೆ ಕೆಂಗೇರಿಯಲ್ಲಿ. ಎರಡು ವಾರಕ್ಕೊಮ್ಮೆ ವೀಕೆಂಡ್ ತಂದೆಯ ಹತ್ತಿರ: 26 ವೀಕೆಂಡ್, 52 ರಾತ್ರಿ. ಬೇಸಿಗೆ ರಜೆ 48 ರಾತ್ರಿ ಅಂದುಕೊಳ್ಳಿ, ಅದರಲ್ಲಿ ಅರ್ಧ 24. ದಸರಾ ರಜೆ 14, ಅರ್ಧ 7. ಕೂಡಿದರೆ 83 ಅಂತ ತಂದೆ ಲೆಕ್ಕ ಹಾಕ್ತಾನೆ. ಆದರೆ ಆ 62 ರಾತ್ರಿಗಳ ರಜೆಯ ಒಳಗೇ ತಂದೆಯ ನಾಲ್ಕೈದು ವೀಕೆಂಡ್ ಬಂದುಹೋಗಿರುತ್ತೆ. ರಜೆಯಲ್ಲಿ ವೀಕೆಂಡ್ ನಿಯಮ ನಡೆಯಲ್ಲ ಅಂತ ಒಪ್ಪಂದ ಇದ್ದರೆ, ಒಂಬತ್ತು ರಾತ್ರಿ ಕಡಿಮೆಯಾಗಿ ಸುಮಾರು 74 ಉಳಿಯುತ್ತೆ. ವರ್ಷದ ಐದರಲ್ಲಿ ಒಂದು ಭಾಗ. ತಂದೆ 83 ಅಂತ ನಂಬಿಕೊಂಡಿದ್ದಾನೆ, ತಾಯಿ 74 ಅಂತ ಕಳಿಸ್ತಿದ್ದಾಳೆ. ಇಬ್ಬರೂ ಸುಳ್ಳು ಹೇಳ್ತಿಲ್ಲ, ಆದರೂ ಇಬ್ಬರಿಗೂ ಮೋಸ ಆದ ಹಾಗೆ ಅನಿಸುತ್ತೆ. ಈ ತರಹದ ಜಗಳ ಒಂದು ಸಂಜೆ ಕೂತು ಎಣಿಸಿದರೆ ಮುಗಿಯುತ್ತೆ. ಆದ್ದರಿಂದ ಒಪ್ಪಂದದಲ್ಲೇ ಬರೆಸಿ: ರಜೆ ಬಂದಾಗ ವೀಕೆಂಡ್ ನಿಯಮ ನಿಲ್ಲುತ್ತಾ, ಮುಂದುವರಿಯುತ್ತಾ? ರಜೆ ಮುಗಿದ ಮೇಲೆ ಮೊದಲ ವೀಕೆಂಡ್ ಯಾರದು?

ಸಮ ಪಾಲು ಇರುವ ಮನೆಗಳಲ್ಲಿ 2-2-3 ಅಂತ ಒಂದು ಕ್ರಮ ಇದೆ. ಒಬ್ಬರ ಹತ್ತಿರ ಎರಡು ರಾತ್ರಿ, ಇನ್ನೊಬ್ಬರ ಹತ್ತಿರ ಎರಡು, ಮತ್ತೆ ಮೊದಲಿನವರ ಹತ್ತಿರ ಮೂರು. ಮುಂದಿನ ವಾರ ತಿರುಗುಮುರುಗು. 14 ರಾತ್ರಿಯಲ್ಲಿ ಇಬ್ಬರಿಗೂ ಏಳೇಳು. ಆದರೆ ಎರಡು ವಾರದಲ್ಲಿ ಆರು ಸಲ ಮನೆ ಬದಲು. ಹೊರಮಾವು ಕೆಂಗೇರಿ ಮಧ್ಯೆ ಸ್ಕೂಲ್ ಬ್ಯಾಗ್ ಹಿಡಿದು ಆರು ಸಲ! ಲೆಕ್ಕ ಸರಿ ಬಂತು, ಮಗು ಸುಸ್ತಾಯಿತು. ಮನೆಗಳು ಹತ್ತಿರ ಇದ್ದರೆ ಮಾತ್ರ ಇಂಥದ್ದು ನಡೆಯುತ್ತೆ.

ಮೂರನೆಯದಾಗಿ, ಹಬ್ಬಗಳು. ಕ್ರಿಸ್ಮಸ್, ಹೊಸ ವರ್ಷ, ಹುಟ್ಟುಹಬ್ಬ ಇವನ್ನು ಸಮ ವರ್ಷ ಒಬ್ಬರಿಗೆ, ಬೆಸ ವರ್ಷ ಇನ್ನೊಬ್ಬರಿಗೆ ಅಂತ ಮಾಡಬಹುದು. ಅಥವಾ 24ರ ಸಂಜೆಯಿಂದ 25ರ ಮಧ್ಯಾಹ್ನದವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು. ಈಸ್ಟರ್ ಮಾತ್ರ ಪ್ರತಿ ವರ್ಷ ಬದಲಾಗುತ್ತೆ. ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದರೂ ಬರಬಹುದು. ಒಂದು ವರ್ಷ ಪರೀಕ್ಷೆ ಮಧ್ಯೆ, ಇನ್ನೊಂದು ವರ್ಷ ಬೇಸಿಗೆ ರಜೆಯಲ್ಲಿ. ಸ್ಕೂಲ್ ಕ್ಯಾಲೆಂಡರ್ ಬಂದ ದಿನವೇ ಇಬ್ಬರೂ ಕೂತು ಗುರುತು ಹಾಕಿಕೊಳ್ಳಿ. ಎದುರುಬದುರು ಕೂರಲು ಆಗದಿದ್ದರೆ ಗೂಗಲ್ ಕ್ಯಾಲೆಂಡರ್ ಹಂಚಿಕೊಳ್ಳಿ. ಇಬ್ಬರಿಗೂ ಒಂದೇ ಕಾಣಬೇಕು.

ನಾಲ್ಕನೆಯದಾಗಿ, ಅದಲುಬದಲು. ಕೆಲಸ, ಜ್ವರ, ಊರಲ್ಲಿ ಸಾವು, ಏನಾದರೂ ಬಂದೇ ಬರುತ್ತೆ. ಫೋನಲ್ಲಿ ಮಾತಾಡಿ ಒಪ್ಪಿದರೂ ಒಂದು ಮೆಸೇಜ್ ಹಾಕಿ: "ಈ ಶನಿವಾರದ ಬದಲು 18ನೇ ತಾರೀಕು, ಒಪ್ಪಿಗೆನಾ?" ಆ ಕಡೆಯಿಂದ "ಸರಿ" ಅಂತ ಬರಲಿ. ಯಾವ ದಿನ ಹೋಯಿತು, ಬದಲಿಗೆ ಯಾವ ದಿನ ಸಿಕ್ಕಿತು, ಎರಡನ್ನೂ ಬರೆಯಿರಿ. ತಿಂಗಳ ಕೊನೆಯಲ್ಲಿ ಬಾಕಿ ನೋಡಿ ಮುಗಿಸಿ. ಹಳೆಯ ಬಾಕಿಯನ್ನು ವರ್ಷಗಟ್ಟಲೆ ಎಳೆಯಬೇಡಿ. ಮತ್ತಾಯ 5:37ರಲ್ಲಿ ಕರ್ತನು ಹೌದು ಅಂದರೆ ಹೌದು ಇರಬೇಕು ಅಂತ ಕಲಿಸಿದ್ದು ಇಂಥ ಮಾತುಗಳಿಗೂ ಸೇರುತ್ತೆ.

4. ಏನು ಬರೆಯಬೇಕು, ಏನು ಬರೆಯಬಾರದು?

ತಾರೀಕು, ಹೇಳಿದ ಸಮಯ, ನಿಜವಾಗಿ ನಡೆದ ಸಮಯ, ಎಲ್ಲಿ ಒಪ್ಪಿಸಿದ್ದು, ಯಾರು ಬಂದಿದ್ದು, ಬದಲಾವಣೆ ಇದ್ದರೆ ಏನು, ಮಗುವಿನ ಆರೋಗ್ಯ ಅಥವಾ ಓದಿನ ವಿಷಯ. ಇಷ್ಟು ಸಾಕು. ಅದೇ ದಿನ ಬರೆಯಿರಿ. ಆರು ತಿಂಗಳಾದ ಮೇಲೆ ಕೋಪದಲ್ಲಿ ಕೂತು ನೆನಪು ಮಾಡಿಕೊಂಡು ಬರೆದದ್ದು ಸಾಕ್ಷಿ ಆಗಲ್ಲ, ಕಥೆ ಆಗುತ್ತೆ.

ಒಂದೇ ಘಟನೆಯನ್ನು ಎರಡು ತರಹ ಬರೆಯಬಹುದು ನೋಡಿ.

"ಶನಿವಾರ. ಬೆಳಿಗ್ಗೆ 10ಕ್ಕೆ ಬರಬೇಕಿತ್ತು. ಟ್ರಾಫಿಕ್ ಅಂತ 10:05ಕ್ಕೆ ಮೆಸೇಜ್ ಬಂತು. 10:50ಕ್ಕೆ ಬಂದರು. ಮಗು ತಿಂಡಿ ತಿಂದಿತ್ತು."

"ಶನಿವಾರ. ಎಂದಿನ ಹಾಗೆ ಲೇಟ್. ಈ ಮನುಷ್ಯನಿಗೆ ಮಗು ಅಂದ್ರೆ ಲೆಕ್ಕಕ್ಕೇ ಇಲ್ಲ."

ಮೊದಲನೆಯದರಲ್ಲಿ ಮಗು ಇದೆ. ಎರಡನೆಯದರಲ್ಲಿ ನನ್ನ ಗಾಯ ಇದೆ. ಗಾಯ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದನ್ನು ಪ್ರಾರ್ಥನೆಗೆ ತೆಗೆದುಕೊಂಡು ಹೋಗಿ, ಕೌನ್ಸಿಲರ್ ಹತ್ತಿರ ತೆಗೆದುಕೊಂಡು ಹೋಗಿ. ಡೈರಿಯಲ್ಲಿ ಬೇಡ. ಅದೂ ಅಲ್ಲದೆ, ಜಡ್ಜ್ ಓದುವಾಗ ಮೊದಲನೆಯ ಸಾಲನ್ನೇ ನಂಬುವುದು ಸುಲಭ.

ಮೆಸೇಜ್‌ಗಳನ್ನು ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ದಾಖಲೆಗಳನ್ನು ಸರ್ಟಿಫಿಕೇಟ್ ಜೊತೆ ಕೊಡುವ ಬಗ್ಗೆ ಹೇಳುತ್ತೆ. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ವಿವಾದ ತೀರಿಸಲು ಸಹಾಯ ಆಗುತ್ತೆ ಅನಿಸಿದರೆ ಫ್ಯಾಮಿಲಿ ಕೋರ್ಟ್ ಇಂಥ ದಾಖಲೆಗಳನ್ನು ಸ್ವೀಕರಿಸಬಹುದು. ವಿವರಕ್ಕೆ ವಕೀಲರನ್ನು ಕೇಳಿ. ಆದರೆ ಒಂದು ಸಾಲನ್ನು ಮಾತ್ರ ಕತ್ತರಿಸಿ ಸ್ಕ್ರೀನ್‌ಶಾಟ್ ಮಾಡಬೇಡಿ. ಅರ್ಧ ಸತ್ಯ ಕಾಣಿಸಿ ಪೂರ್ತಿ ಸುಳ್ಳು ಹೇಳಿಸಬಹುದು.

ಇನ್ನೆರಡು ಮಾತು. ದುಡ್ಡನ್ನು ದಿನದ ಜೊತೆ ಸೇರಿಸಬೇಡಿ. "ಜೀವನಾಂಶ ಬಂದಿಲ್ಲ, ಮಗು ಕಳಿಸಲ್ಲ" ಅಂತಾಗಲಿ, "ಮಗು ಕಳಿಸಲಿಲ್ಲ, ಫೀಸ್ ಕಟ್ಟಲ್ಲ" ಅಂತಾಗಲಿ ಬೇಡ. ಎರಡಕ್ಕೂ ಕೋರ್ಟಿನಲ್ಲಿ ಬೇರೆ ಬೇರೆ ದಾರಿ ಇದೆ. ಮಗುವಿನ ಶನಿವಾರವನ್ನು ಒತ್ತೆ ಇಡಬೇಡಿ. ಮತ್ತೆ, ಡೈರಿ ಮಗುವಿನ ಬ್ಯಾಗಿನಲ್ಲಿ ಹೋಗಬಾರದು. ಬ್ಯಾಗಿನಲ್ಲಿ ಔಷಧಿ, ಹೋಂವರ್ಕ್, ಯೂನಿಫಾರ್ಮ್ ಪಟ್ಟಿ ಹೋಗಲಿ. "ಅಪ್ಪ ಎಷ್ಟು ಗಂಟೆಗೆ ಮಲಗಿಸಿದರು? ಮನೆಗೆ ಯಾರು ಬಂದಿದ್ದರು?" ಅಂತ ಕೇಳಿ ಬರೆದುಕೊಂಡರೆ, ನಿಮ್ಮ ಮಗುವನ್ನೇ ನೀವು ಗೂಢಚಾರ ಮಾಡಿದ ಹಾಗೆ.

ಒಂದು ಪರೀಕ್ಷೆ ಹೇಳ್ತೀನಿ. ಈ ಡೈರಿ ನಿಮ್ಮ ಮಗುವಿಗೆ ಹದಿನೆಂಟನೇ ವಯಸ್ಸಿನಲ್ಲಿ ಸಿಕ್ಕಿತು ಅಂದುಕೊಳ್ಳಿ. ಓದಿದ ಮೇಲೆ "ಅಮ್ಮ ನನ್ನ ಜ್ವರ, ನನ್ನ ಪರೀಕ್ಷೆ, ನನ್ನ ಪ್ರಯಾಣ ಎಲ್ಲ ಗಮನಿಸಿದ್ದಾರೆ" ಅನ್ನುತ್ತಾ? ಅಥವಾ "ನಾನು ಇವರ ಯುದ್ಧದ ಮೈದಾನ ಆಗಿದ್ದೆ" ಅನ್ನುತ್ತಾ? ಇವತ್ತು ಬರೆಯುವ ಸಾಲನ್ನು ಅದಕ್ಕೆ ತಕ್ಕ ಹಾಗೆ ಬರೆಯಿರಿ.

5. ಕತ್ತಿಯೂ ಸಮಪಾಲೇ ಮಾಡುತ್ತೆ

1 ಅರಸುಗಳು 3ನೇ ಅಧ್ಯಾಯ ನಮಗೆಲ್ಲ ಗೊತ್ತು. ಇಬ್ಬರು ಸ್ತ್ರೀಯರು, ಒಂದು ಕೂಸು, ಸೊಲೊಮೋನನ ನ್ಯಾಯಾಸನ. ಅರಸನು ಕತ್ತಿ ತರಿಸಿ ಮಗುವನ್ನು ಎರಡು ಭಾಗ ಮಾಡಿ ಇಬ್ಬರಿಗೂ ಕೊಡಿ ಅಂದ. ಲೆಕ್ಕದ ಪ್ರಕಾರ ಆ ತೀರ್ಪಿನಲ್ಲಿ ತಪ್ಪಿಲ್ಲ ನೋಡಿ. ಸರಿಯಾಗಿ ಐವತ್ತು ಐವತ್ತು! ಒಬ್ಬಳು ಆಗಲಿ ಅಂದಳು. ಇನ್ನೊಬ್ಬಳು ತನ್ನ ಪಾಲನ್ನೇ ಬಿಟ್ಟುಕೊಟ್ಟಳು, ಮಗು ಬದುಕಿದರೆ ಸಾಕು ಅಂದಳು. ಅರಸನಿಗೆ ತಾಯಿ ಯಾರು ಅಂತ ಅಲ್ಲೇ ಗೊತ್ತಾಯಿತು.

"ಹಾಗಾದರೆ ನಮ್ಮ ದಿನಗಳನ್ನೆಲ್ಲ ಬಿಟ್ಟುಕೊಡಬೇಕಾ?" ಬೇಡ. ಮಗುವಿಗೆ ನೀವು ಬೇಕು. ನಿಮ್ಮ ಶನಿವಾರವನ್ನು ಕೇಳುವುದು ಹಟ ಅಲ್ಲ. ಈ ವಾಕ್ಯ ನಮ್ಮನ್ನು ಕೇಳೋದು ಇಷ್ಟೇ: ನಿನ್ನ ಕೈಯಲ್ಲಿರುವ ಕ್ಯಾಲೆಂಡರ್ ಮಗುವನ್ನು ಕಾಯ್ತಿದೆಯಾ, ಕತ್ತರಿಸ್ತಿದೆಯಾ? ಮಗುವಿಗೆ ಗೆಳೆಯನ ಹುಟ್ಟುಹಬ್ಬ ಇದೆ, ಅದು ನಿಮ್ಮ ವೀಕೆಂಡ್‌ನಲ್ಲಿ ಬಂದಿದೆ, ಆ ಕಡೆಯ ಮನೆ ಹತ್ತಿರ ಇದೆ. ಅವತ್ತು ಬಿಟ್ಟುಕೊಡಿ. ಬದಲಿ ದಿನ ಕೇಳಿ, ಬರೆದುಕೊಳ್ಳಿ.

6. ಅಪಾಯ ಇದ್ದರೆ

ಇದನ್ನು ಸ್ಪಷ್ಟವಾಗಿ ಹೇಳಬೇಕು. ಹೊಡೆತ, ಬೆದರಿಕೆ, ಕುಡಿದು ಗಾಡಿ ಓಡಿಸುವುದು, ಮಗುವಿನ ಮೇಲೆ ಕೆಟ್ಟ ನಡತೆ ಇದ್ದರೆ, "ಸಹಿಸಿಕೋ, ಬಿಟ್ಟುಕೊಡು" ಅನ್ನುವ ಸಲಹೆ ಅಲ್ಲಿಗೆ ಅಲ್ಲ. ಕ್ಷಮಿಸೋದು ಬೇರೆ, ಮಗುವನ್ನು ಅಪಾಯಕ್ಕೆ ಕಳಿಸೋದು ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟ್ ತಾತ್ಕಾಲಿಕ ಕಸ್ಟಡಿ ಕೊಡಬಹುದು. ಭೇಟಿಯಿಂದ ಮಗುವಿಗೆ ಹಾನಿ ಆಗಬಹುದು ಅನಿಸಿದರೆ ಭೇಟಿಯನ್ನೂ ನಿರಾಕರಿಸಬಹುದು. ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181, ಕಾನೂನು ಸಹಾಯಕ್ಕೆ 15100. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಇದೆ. ಇದನ್ನು ಉಪಯೋಗಿಸೋದು ಅವಿಶ್ವಾಸ ಅಲ್ಲ.

ಅಪಾಯ ಇಲ್ಲ, ಬರೀ ಒಪ್ಪಂದ ಆಗ್ತಿಲ್ಲ ಅಂದರೆ ಮೀಡಿಯೇಷನ್ ಇದೆ. ಬೆಂಗಳೂರಿನಲ್ಲಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಮೀಡಿಯೇಷನ್ ಸೆಂಟರ್ ಇದೆ. ರಾಜಿಗೆ ಪ್ರಯತ್ನ ಮಾಡುವುದು ಫ್ಯಾಮಿಲಿ ಕೋರ್ಟಿನ ಕರ್ತವ್ಯ ಅಂತ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತೆ.

7. ಸಭೆಯವರಾದ ನಾವು

ಕೊನೆಯದಾಗಿ, ಮದುವೆ ಆಗದವರಿಗೂ ಒಂದು ಮಾತು. ನೀವು ಸಂಡೇ ಸ್ಕೂಲ್ ಟೀಚರ್ ಆಗಿರಬಹುದು. ಒಂದು ವಾರ ಬಂದು ಒಂದು ವಾರ ಬಾರದ ಮಗುವನ್ನು "ಯಾಕೆ ಹೋದ ವಾರ ಬರಲಿಲ್ಲ?" ಅಂತ ಎಲ್ಲರ ಮುಂದೆ ಕೇಳಬೇಡಿ. ಹಾಜರಿಗೆ ಬಹುಮಾನ ಕೊಡುವಾಗ ಆ ಮಗುವಿನ ಬಗ್ಗೆ ಯೋಚಿಸಿ. ಬರಬೇಕೋ ಬೇಡವೋ ಅನ್ನೋದು ಅದರ ಕೈಯಲ್ಲಿಲ್ಲ. "ನಿನಗೆ ಯಾರು ಇಷ್ಟ, ಅಪ್ಪನಾ ಅಮ್ಮನಾ?" ಅನ್ನುವ ಪ್ರಶ್ನೆ ಅಂತೂ ಬೇಡವೇ ಬೇಡ.

ನೀವು ಸ್ನೇಹಿತರಾಗಿದ್ದರೆ, ಪಕ್ಷ ಹಿಡಿಯುವ ಬದಲು ಮಗುವನ್ನು ಒಪ್ಪಿಸುವಾಗ ಜೊತೆ ಹೋಗಿ ನಿಲ್ಲಿ. ಮಗು ಇಲ್ಲದ ವೀಕೆಂಡ್‌ನಲ್ಲಿ ಆ ಮನೆ ಎಷ್ಟು ಸ್ತಬ್ಧವಾಗಿರುತ್ತೆ ಅಂತ ಗೊತ್ತಾ? ಒಂದು ಊಟಕ್ಕೆ ಕರೆಯಿರಿ. ಭಾನುವಾರ ಇನ್ನೊಬ್ಬರ ದಿನವಾಗಿದ್ದರೆ, "ಆರಾಧನೆ ಇದೆ, ಕಳಿಸಲ್ಲ" ಅಂತ ಆದೇಶ ಮುರಿಯಲು ಸಭೆ ಕಾರಣ ಆಗಬಾರದು.

ಈ ವಾರ ಮಾಡಬೇಕಾದದ್ದು ಇಷ್ಟು. ಈ ಪರಿಸ್ಥಿತಿಯಲ್ಲಿ ಇರುವವರು ಮುಂದಿನ ಮೂರು ತಿಂಗಳ ರಾತ್ರಿಗಳನ್ನು ಎಣಿಸಿ ಇನ್ನೊಬ್ಬರಿಗೆ ಕಳಿಸಿ. ಡೈರಿ ಈಗಾಗಲೇ ಇದ್ದರೆ ತೆರೆದು ನೋಡಿ: ಮಗುವಿನ ಬಗ್ಗೆ ಎಷ್ಟು ಸಾಲು, ದೂರು ಎಷ್ಟು ಸಾಲು? ಹಳೆಯದನ್ನು ಅಳಿಸೋದು ಬೇಡ, ತಿದ್ದೋದೂ ಬೇಡ. ಇವತ್ತಿನಿಂದ ಬೇರೆ ತರಹ ಬರೆಯೋಣ. ನಮ್ಮ ದಿನಗಳನ್ನು ಎಣಿಸುವುದನ್ನು ಕಲಿಸು ಅಂತ ಮೋಶೆಯು ಕೇಳಿಕೊಂಡ ಪ್ರಾರ್ಥನೆ ಕೀರ್ತನೆ 90ರಲ್ಲಿದೆ. ಅವನು ಕೇಳಿದ್ದು ಜ್ಞಾನಕ್ಕಾಗಿ. ನಾವೂ ಅದಕ್ಕಾಗಿಯೇ ಎಣಿಸೋಣ.

ಪ್ರಾರ್ಥಿಸೋಣ. ತಂದೆಯೇ, ಎರಡು ಮನೆಗಳ ಮಧ್ಯೆ ಬ್ಯಾಗ್ ಹಿಡಿದು ಓಡಾಡುವ ಪ್ರತಿಯೊಂದು ಮಗುವನ್ನೂ ನೀನು ಬಲ್ಲೆ. ಯಾವ ರಾತ್ರಿ ಯಾವ ಮನೆಯಲ್ಲಿ ಮಲಗಿದರೂ ಅದಕ್ಕೆ ಭಯವಿಲ್ಲದ ನಿದ್ರೆ ಕೊಡು. ತಂದೆಗೂ ತಾಯಿಗೂ ಹೇಳಿದ ಸಮಯಕ್ಕೆ ಬರುವ ಮನಸ್ಸು ಕೊಡು, ಬರೆಯುವಾಗ ಸತ್ಯವನ್ನು ಬರೆಯುವ ಕೈ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.